ರಸ್ತೆ ದಾಟಿ ನೋಡುತ್ತಿದ್ದವರು

ಸುಂಟಿಕೊಪ್ಪದಲ್ಲಿ ಬಸ್ ನಿಲ್ಲುವ ಜಾಗಕ್ಕೆ ದಿನಕ್ಕೆ ಇಪ್ಪತ್ತು ಸಲ ಬಂದು, ಒಂದು ಸಲವೂ ಬಸ್ ಹತ್ತದೆ ಹಿಂತಿರುಗುತ್ತಿದ್ದ ಮನುಷ್ಯ ನನಗೆ ತಿಳಿದಂತೆ ಅವರೊಬ್ಬರೇ. ಹೊಸ ಕಂಡಕ್ಟರುಗಳು ಮೊದಮೊದಲು 'ಮಡಿಕೇರಿ, ಮಡಿಕೇರಿ' ಎಂದು ಅವರ ಮುಖಕ್ಕೇ ಕೂಗುತ್ತಿದ್ದರು. ಅವರು ಬಸ್ಸನ್ನು ಕೈಯಿಂದಲೇ ಪಕ್ಕಕ್ಕೆ ಸರಿಸುವವರಂತೆ ಸನ್ನೆ ಮಾಡಿ, 'ಸ್ವಲ್ಪ ಮುಂದೆ ತೆಗೀರಿ ಮಾರಾಯ್ರೇ, ಮದುಮಗಳು ಕಾಣೋದಿಲ್ಲ' ಅನ್ನುತ್ತಿದ್ದರು. ಮದುಮಗಳು ರಸ್ತೆಯ ಆಚೆ ಬದಿಯಲ್ಲಿ, ಅವರ ಸ್ಟುಡಿಯೋದ ಕಂಪ್ಯೂಟರ್ ಪರದೆಯ ಮೇಲೆ ಇರುತ್ತಿದ್ದಳು.

ಯಾವ ಚಿತ್ರವನ್ನೂ ಮೂರು ದೂರದಿಂದ ನೋಡದೆ ಅಂಗಡಿಯಿಂದ ಹೊರಗೆ ಬಿಡಬಾರದು ಎಂಬುದು ಅವರ ಶಾಸ್ತ್ರ. ಮೊದಲನೆಯದು ಮೂಗಿನ ದೂರ, ಎರಡನೆಯದು ಕೈ ಚಾಚಿದಷ್ಟು ದೂರ, ಮೂರನೆಯದು ರಸ್ತೆಯ ದೂರ. 'ಹತ್ತಿರದಿಂದ ನೋಡೋದು ನೆಂಟ್ರು. ಕೈದೂರದಿಂದ ನೋಡೋದು ಊರು. ರಸ್ತೆ ಆಚೆಯಿಂದ ನೋಡೋದು ಯಮ. ಮೂವರಿಗೂ ಗುರುತು ಸಿಗ್ಬೇಕು' ಎಂದು ಅವರು ವೇದವಾಕ್ಯದ ಗಾಂಭೀರ್ಯದಲ್ಲಿ ಹೇಳುತ್ತಿದ್ದರು. ಯಮನಿಗೆ ಗುರುತು ಸಿಗದಿದ್ದರೆ ಲಾಭವಲ್ಲವೇ ಎಂದು ನಾನು ಒಮ್ಮೆ ಕೇಳಿದೆ. ತಪ್ಪು ಮನೆಗೆ ಹೋಗುತ್ತಾನಲ್ಲ, ಅದು ಅನ್ಯಾಯ ಅಂದರು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಮನೆಯವರು ಓದುತ್ತಾರೆ. ಓದಿ, ತೀರಿಹೋದವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬಹುದಿತ್ತಲ್ಲ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. ಊರಿನವರಿಗೆ ಅವರು 'ಸ್ಟುಡಿಯೋದವರು'. ಅಷ್ಟು ಸಾಕು.

ಅಂಗಡಿಯಲ್ಲಿ ಅವರು ಕೂತದ್ದನ್ನು ನಾನು ಬಹುಕಾಲ ಕಂಡವನಲ್ಲ. ಗಿರಾಕಿಗಳಿಗೆ ಬೆಂಚಿತ್ತು, ಅವರಿಗೆಂದು ಇದ್ದ ಸ್ಟೂಲಿನ ಮೇಲೆ ಕತ್ತರಿ, ಅಂಟು, ಫ್ರೇಮಿನ ಮೊಳೆಗಳು ಸುಖವಾಗಿ ಕೂತಿರುತ್ತಿದ್ದವು. ಕಾಫಿಯನ್ನು ನಿಂತು ಕುಡಿದು, ಪೇಪರನ್ನು ನಡೆಯುತ್ತಾ ಓದಿ, ಮದುವೆ ಮನೆಯಲ್ಲಿ ಊಟದ ಎಲೆಯ ಮುಂದೆ ಕೂತರೂ ಒಂದು ಮೊಣಕಾಲನ್ನು ಮೇಲೆತ್ತಿಯೇ ಇಟ್ಟುಕೊಂಡು, ಯಾವ ಗಳಿಗೆಯಲ್ಲೂ ಏಳಲು ಸಿದ್ಧರಾಗಿರುತ್ತಿದ್ದರು. ಫೋಟೋ ತೆಗೆಯುವಾಗ ಮಾತ್ರ ನಿಶ್ಚಲ. ಎದುರಿನವರಿಗೆ 'ನಗಿ' ಎಂದು ಹೇಳುತ್ತಿರಲಿಲ್ಲ. 'ಉಸಿರು ಬಿಡಿ' ಅನ್ನುತ್ತಿದ್ದರು. ನಗು ಯಾರದ್ದೋ ಮುಖವನ್ನು ತಂದು ಹಾಕುತ್ತದಂತೆ, ಉಸಿರು ಬಿಟ್ಟಾಗ ಮಾತ್ರ ಅವರದೇ ಮುಖ ವಾಪಸು ಬರುತ್ತದಂತೆ. ಎಲ್ಲರ ಕೈಗೂ ಫೋನು ಬಂದ ಮೇಲೆ ಉಸಿರು ಬಿಡಲು ಯಾರೂ ಬರಲಿಲ್ಲ. ಆಗ ಮದುವೆ ಕಾಗದ, ತಿಥಿಯ ಕಾರ್ಡು, ಹಳೇ ಫೋಟೋ ದೊಡ್ಡದು ಮಾಡಿಕೊಡುವುದು, ಇವುಗಳಿಗೆ ಇಳಿದರು.

ನಾನು ಚೆಟ್ಟಳ್ಳಿ ಕಡೆಯ ತೋಟವೊಂದರಲ್ಲಿ ರೈಟರ್ ಆಗಿದ್ದವನು, ಅಂದರೆ ಇಂದು ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವ ಗುಮಾಸ್ತ. ಇಷ್ಟು ಸಾಹಿತ್ಯಸೇವೆ ಸಾಲದೆಂದು ನಮ್ಮ ಓದುಗರ ಬಳಗದಿಂದ ನಾಲ್ಕು ಪುಟದ ಮಾಸಪತ್ರಿಕೆಯೊಂದನ್ನು ತರುತ್ತಿದ್ದೆ, ಈಗಲೂ ತರುತ್ತಿದ್ದೇನೆ. ಅದನ್ನು ಟೈಪ್ ಮಾಡಿ ಪುಟ ಕಟ್ಟಿಕೊಡುತ್ತಿದ್ದವರು ಅವರು. ನಮ್ಮ ಒಡನಾಟ ಅಲ್ಲಿಂದ.

ಒಂದು ವರ್ಷ ಮಾರ್ಚಿನಲ್ಲಿ ಹೂಮಳೆ ಬಂತು. ಕಾಫಿ ಹೂ ಬಿಡಲು ಆ ಮಳೆ ಬೇಕೇ ಬೇಕು, ತೋಟದವರೆಲ್ಲ ಖುಷಿಯಲ್ಲಿದ್ದರು. ಮಳೆಯ ಜೊತೆ ಬಂದ ಸಿಡಿಲು ಸ್ಟುಡಿಯೋದ ಹಳೇ ಕಂಪ್ಯೂಟರನ್ನು ಸುಟ್ಟುಹಾಕಿತು. ಜಿಲ್ಲೆಗೆಲ್ಲ ಒದಗಿದ ಭಾಗ್ಯಕ್ಕೆ ಇವರೊಬ್ಬರು ಬಲಿ ಕೊಟ್ಟಂತಾಯಿತು. ಬಾಳೆಲೆ ಎಂಬ ಊರಿನಲ್ಲಿ ಹೋಂಸ್ಟೇ ನಡೆಸುವ ಅಳಿಯ ಒಂದು ಲ್ಯಾಪ್‌ಟಾಪ್ ತಂದುಕೊಟ್ಟರು. ಇದರ ಪರದೆ ಬಹಳ ಶ್ರೇಷ್ಠವಾದದ್ದು ಎಂದರು. ಶ್ರೇಷ್ಠತೆ ಏನೆಂದರೆ, ಹಳೇ ಪರದೆಯಲ್ಲಿ ಒಂದು ಚುಕ್ಕಿ ಇದ್ದಷ್ಟು ಜಾಗದಲ್ಲಿ ಇದರಲ್ಲಿ ನಾಲ್ಕು ಚುಕ್ಕಿ. ಚುಕ್ಕಿ ಸಣ್ಣದಾದಷ್ಟೂ ಚಿತ್ರ ನಯ. ಆದರೆ ಚುಕ್ಕಿ ಸಣ್ಣದಾದರೆ ಚುಕ್ಕಿಯಿಂದ ಕಟ್ಟಿದ ಅಕ್ಷರವೂ ಸಣ್ಣದಾಗುತ್ತದೆ ಎಂಬುದನ್ನು ಅಳಿಯ ಹೇಳಿರಲಿಲ್ಲ. ಪರದೆ ತೆರೆದರೆ ಅಕ್ಷರಗಳು ಸಕ್ಕರೆ ಡಬ್ಬಿಗೆ ಹೊರಟ ಇರುವೆ ಸಾಲಿನಂತಿದ್ದವು. ಫೋನ್ ಮಾಡಿದ್ದಕ್ಕೆ ಅಳಿಯ, 'ಸೆಟ್ಟಿಂಗ್ ಉಂಟು ಮಾವ, ಇನ್ನೂರು ಪರ್ಸೆಂಟ್ ಮಾಡಿ' ಅಂದರು. ಮಾಡಿದರು. ಇರುವೆಗಳೆಲ್ಲ ಒಂದೇ ಏಟಿಗೆ ಅಕ್ಷರಗಳಾದವು. ಪರದೆಯ ಮೂಲೆಯ ಗಡಿಯಾರ ಕಲ್ಲಿನಲ್ಲಿ ಕೆತ್ತಿದಷ್ಟು ಸ್ಪಷ್ಟ.

ಆಮೇಲೆ ಅವರು ಹದಿನೈದು ವರ್ಷದಿಂದ ಬಳಸುತ್ತಿದ್ದ ಪುಟ ಕಟ್ಟುವ ಹಳೇ ಪ್ರೋಗ್ರಾಮನ್ನು ತೆರೆದರು. ಅದರೊಳಗಿನ ಅಕ್ಷರ, ಫೋಟೋ ಎಲ್ಲ ದೊಡ್ಡದಾಗಿಯೇ ಇದ್ದವು. ಆದರೆ ಎಲ್ಲದರ ಮೇಲೂ ತೆಳ್ಳಗೆ ಮಂಜು.

ಮೂಗಿನ ದೂರದಿಂದ ನೋಡಿದರೆ ಮಂಜು. ಕೈದೂರದಿಂದಲೂ ಮಂಜು. ರಸ್ತೆ ದಾಟಿ ಹೋಗಿ ನೋಡಿದರೆ ಸ್ಪಷ್ಟ. ನೆಂಟರಿಗೂ ಊರಿಗೂ ಕಾಣದ್ದು ಯಮನಿಗೆ ಮಾತ್ರ ಕಾಣುತ್ತಿದೆ ಎಂದ ಮೇಲೆ ಅವರು ಬಂದ ತೀರ್ಮಾನ ಒಂದೇ: ಹತ್ತಿರದ ದೃಷ್ಟಿ ಹೋಗಿದೆ.

ಕುಶಾಲನಗರದಲ್ಲಿ ಒಂದು ಕನ್ನಡಕ ಮಾಡಿಸಿದರು. ಮಂಜು ಹೋಗಲಿಲ್ಲ. ಮಡಿಕೇರಿಯಲ್ಲಿ ಇನ್ನೊಂದು. ಮೈಸೂರಿಗೆ ಹೋಗಿ ಮೂರನೆಯದು. ಮೂರನ್ನೂ ಲ್ಯಾಪ್‌ಟಾಪಿನ ಮುಂದೆ ಸಾಲಾಗಿ ಇಟ್ಟುಕೊಂಡು, ಒಂದನ್ನು ತೆಗೆದು ಒಂದನ್ನು ಹಾಕಿ, ಮಧ್ಯೆ ಮಧ್ಯೆ ರಸ್ತೆ ದಾಟಿ ಬಂದು, ಒಂದು ಮದುವೆ ಕಾಗದಕ್ಕೆ ಇಡೀ ದಿನ ತೆಗೆದುಕೊಳ್ಳುತ್ತಿದ್ದರು. ಮಡಿಕೇರಿಯ ಕಣ್ಣಿನ ಡಾಕ್ಟರು 'ನಿಮ್ಮ ವಯಸ್ಸಿಗೆ ಕಣ್ಣು ಬಹಳ ಚೆನ್ನಾಗಿದೆ' ಎಂದು ಹೇಳಿದ್ದರಂತೆ. 'ನಿಮ್ಮ ವಯಸ್ಸಿಗೆ ಅಂದ್ರಲ್ಲ ರೈಟರ್ರೇ, ಅಲ್ಲೇ ನನಗೆ ಗೊತ್ತಾಯ್ತು' ಎಂದು ನನ್ನ ಹತ್ತಿರ ಗುಟ್ಟಿನಲ್ಲಿ ಹೇಳಿದ್ದು ಆಮೇಲೆ.

ಅದಕ್ಕೆ ಮೊದಲು ಅವರು ಒಂದು ಪರೀಕ್ಷೆ ನಡೆಸಿದರು. ಕಣ್ಣು ಮಂಜಾಗಿದೆ ಎಂದು ಬಾಯಿಬಿಟ್ಟು ಹೇಳಲು ಸ್ಟುಡಿಯೋದವರಿಗೆ ಆಗುತ್ತದೆಯೇ? ಆದ್ದರಿಂದ ಅಂಗಡಿಗೆ ಬಂದವರನ್ನೆಲ್ಲ ಪರದೆಯ ಮುಂದೆ ನಿಲ್ಲಿಸಿ, ಏನೂ ಆಗದವರಂತೆ 'ಹೇಗಿದೆ?' ಎಂದಷ್ಟೇ ಕೇಳುತ್ತಿದ್ದರು. ನಮ್ಮ ಕಡೆ ಹಿರಿಯರೊಬ್ಬರು ತಮ್ಮ ಕೆಲಸ ತೋರಿಸಿ ಹೇಗಿದೆ ಎಂದು ಕೇಳಿದರೆ ಅದಕ್ಕೆ ಇರುವುದು ಒಂದೇ ಉತ್ತರ. ಎದುರಿನ ಬೇಕರಿಯ ಮಾಲೀಕ, ಊರಿಗೆಲ್ಲ 'ಕಾಕ', ಎರಡು ಸೆಕೆಂಡು ನೋಡಿ, 'ಎಂತ ಕೇಳ್ತೀರಿ ಸಾರ್, ಒಳ್ಳೇ ಕ್ಲಿಯರ್ ಉಂಟಲ್ಲ' ಅಂದ. ಬಸ್ಸಿನ ಕಂಡಕ್ಟರೊಬ್ಬರು 'ಸೂಪರ್' ಅಂದರು. ಸ್ಟುಡಿಯೋದವರ ಹೆಂಡತಿ ಮನೆಮಾತಾದ ಅರೆಭಾಷೆಯಲ್ಲಿ 'ಸಮ ಉಟ್ಟು', ಅಂದರೆ ಸರಿಯಾಗಿದೆ, ಎಂದು ತೀರ್ಪು ಕೊಟ್ಟು ತರಕಾರಿ ಚೀಲ ಎತ್ತಿಕೊಂಡು ಹೋದರು.

ನನ್ನನ್ನೂ ಕೇಳಿದರು. ನನ್ನದೇ ಪತ್ರಿಕೆಯ ಮೊದಲ ಪುಟ ಪರದೆಯ ಮೇಲಿತ್ತು. ನನಗೂ ಮಂಜು ಕಂಡಿತು. ಆದರೆ ನನ್ನ ಕಣ್ಣಲ್ಲಿ ಪೊರೆ ಶುರುವಾಗಿದೆ ಎಂದು ಡಾಕ್ಟರು ಅದಾಗಲೇ ಹೇಳಿದ್ದರು. ಮಂಜು ನನ್ನದೇ ಇರಬೇಕು ಅಂದುಕೊಂಡೆ. 'ಬಹಳ ಚೆನ್ನಾಗಿದೆ' ಅಂದೆ. ಮನೆಗೆ ಬಂದು ಕನ್ನಡಕ ಒರೆಸಿಕೊಂಡೆ.

ಹೀಗೆ ಊರಿಗೆ ಊರೇ ಸ್ಪಷ್ಟವಾಗಿ ನೋಡುತ್ತಿದೆ, ತಮಗೊಬ್ಬರಿಗೆ ಮಾತ್ರ ಕಾಣುತ್ತಿಲ್ಲ ಎಂಬುದು ಸಾಕ್ಷಿ ಸಮೇತ ರುಜುವಾತಾಯಿತು.

ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬೇಕರಿಯ ಮುಂದೆ ನನ್ನನ್ನು ಹಿಡಿದು ನಿಲ್ಲಿಸಿದರು. ಕೈಯಲ್ಲಿದ್ದ ಕಾಫಿ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಲೇ ಇದ್ದರು.

'ರೈಟರ್ರೇ, ಬರೋ ತಿಂಗಳ ಕೊನೆಗೆ ಬಾಗಿಲು ಹಾಕ್ತೇನೆ. ಬಿಲ್ಡಿಂಗಿನವರಿಗೆ ಹೇಳಿಯಾಯ್ತು.'

'ಯಾಕೆ?'

'ಕಣ್ಣು ಹೋಯ್ತು. ಪರದೆ ಮೇಲೆ ಏನಿಟ್ಟರೂ ಮಂಜು. ಕಣ್ಣು ಹೋದ ಸ್ಟುಡಿಯೋದವ ಅಂದ್ರೆ ಮೂಗು ಕಟ್ಟಿದವ ಕಾಫಿ ರುಚಿ ನೋಡಿದ ಹಾಗೆ. ಯಾರದ್ದೋ ಮುಖ ಕೆಡಿಸೋ ಮೊದಲು ನಿಲ್ಲಿಸ್ಬೇಕು.'

'ಪೇಪರ್ ಓದ್ತೀರಲ್ಲ? ಬಸ್ಸಿನ ಬೋರ್ಡ್ ಇಲ್ಲಿಂದಲೇ ಓದ್ತೀರಿ.'

'ಪೇಪರಿನ ಮೇಲೆ ನಾವು ಬೆಳಕು ಬಿಡೋದು. ಪರದೆ ನಮ್ಮ ಮೇಲೆ ಬೆಳಕು ಬಿಡೋದು. ಎದುರು ಬೆಳಕಿಗೆ ನನ್ನ ಕಣ್ಣು ಸೋತಿದೆ.'

'ಮೂಲೆಯ ಗಡಿಯಾರ ಸರಿ ಕಾಣ್ತದೆ ಅಂದ್ರಿ?'

'ಕಾಫಿ ಎಲೆಗೆ ತುಕ್ಕು ರೋಗ ಬಂದ್ರೆ ಇಡೀ ಎಲೆಗೆ ಒಂದೇ ಸಲ ಬರ್ತದಾ? ಅಲ್ಲೊಂದು ಇಲ್ಲೊಂದು ಕಲೆ. ಹಾಗೆಯೇ ಇದು.'

ಎಲ್ಲದಕ್ಕೂ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದರು. ಮಲಗಿದಾಗಲೂ ಇದನ್ನೇ ತಿರುವಿ ಹಾಕುತ್ತಿದ್ದರೆಂದು ಕಾಣುತ್ತದೆ. ಆಗ ನಾನು ಹೇಳಬಹುದಿತ್ತು, ನನಗೂ ಮಂಜೇ ಕಂಡಿತು ಎಂದು. ನಾಲಗೆಯ ತುದಿಗೆ ಬಂದಿತ್ತು. ಆದರೆ ಹಾಗೆಂದರೆ, ಆವತ್ತು ಬಹಳ ಚೆನ್ನಾಗಿದೆ ಎಂದದ್ದು ಸುಳ್ಳು ಎಂದು ಒಪ್ಪಿಕೊಂಡಂತೆ. ತೋಟದಲ್ಲಿ ಮೂವತ್ತು ವರ್ಷ ಹಾಜರಿ ಬರೆದವನು, ಬಾರದವರನ್ನು ಬಂದರೆಂದು ಒಮ್ಮೆಯೂ ಬರೆದವನಲ್ಲ ಎಂಬ ಜಂಬ ಬೇರೆ. 'ದೇವರಿದ್ದಾನೆ' ಎಂದು ಹೇಳಿ ಬಸ್ಸು ಹತ್ತಿದೆ.

ಅದರ ನಂತರದ ವಾರ ಪ್ರೂಫ್ ನೋಡಲು ಹೋಗಿದ್ದೆ. ಹೊಸ ಕೆಲಸ ಹಿಡಿಯುವುದನ್ನು ನಿಲ್ಲಿಸಿ, ಹಿಡಿದದ್ದನ್ನು ಮುಗಿಸುತ್ತಿದ್ದರು. ಹತ್ತಿರದ ತೋಟವೊಂದರ ಲೈನಿನಿಂದ, ಅಂದರೆ ಕೆಲಸಗಾರರ ಸಾಲುಮನೆಯಿಂದ, ಒಬ್ಬ ಹೆಂಗಸು ಬಂದರು. ಗಂಡ ತೀರಿಕೊಂಡು ವರ್ಷವಾಗುತ್ತಿತ್ತು. ರೇಷನ್ ಕಾರ್ಡಿಗೆಂದು ಸ್ಟುಡಿಯೋದವರೇ ಹಿಂದೆ ತೆಗೆದ ಚಿಕ್ಕ ಫೋಟೋ ಒಂದನ್ನು ದೊಡ್ಡದು ಮಾಡಿ ಫ್ರೇಮ್ ಹಾಕಲು ಕೊಟ್ಟಿದ್ದರು. ಇವರು ಅದನ್ನು ಸ್ಕ್ಯಾನ್ ಮಾಡಿ, ಒಂದು ವಾರ ಕೂರದೆ ನಿಂತು ತಿದ್ದಿ, ಪರದೆಯ ಮೇಲೆ ಸಿದ್ಧವಾಗಿಟ್ಟಿದ್ದರು. ಎಂದಿನಂತೆ 'ಹೇಗಿದೆಯಮ್ಮ?' ಎಂದು ಕೇಳಿದರು.

ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಬಗ್ಗಿ ನೋಡಿದರು.

'ಇದು ಯಾರು ಅಣ್ಣ?'

'ನಿಮ್ಮ ಯಜಮಾನ್ರೇ.'

'ಅವರಲ್ಲ. ಹುಬ್ಬಿನ ಮೇಲೆ ಕತ್ತಿ ತಾಗಿದ ಗೀರು ಇತ್ತು. ಎಲ್ಲಿ ಅದು?'

ಸ್ಟುಡಿಯೋದವರ ಮುಖ ಇಳಿಯಿತು. 'ಅಲ್ಲೊಂದು ಕಲೆ ಇತ್ತು. ಹಳೇ ಫೋಟೋ ಅಲ್ವಾ, ಧೂಳು ಕೂತಿದೆ ಅಂತ ಒರೆಸಿದೆ.'

'ಧೂಳಾ? ಇಪ್ಪತ್ತು ವರ್ಷ ಆ ಧೂಳು ನೋಡ್ಕೊಂಡು ಸಂಸಾರ ಮಾಡಿದ್ದೀನಿ ನಾನು.' ಇನ್ನೂ ಹತ್ತಿರ ಬಗ್ಗಿದರು. 'ಮತ್ತೆ ಮುಖ ಎಲ್ಲ ಯಾಕೆ ಹೊಗೆ ಹೊಗೆ ಉಂಟು? ಒಲೆ ಮುಂದೆ ಕೂರಿಸಿ ತೆಗೆದ್ರಾ?'

'ಏನಂದ್ರಿ?'

'ಹೊಗೆ ಉಂಟು ಅಂದೆ.'

'ನಿಮಗೆ ಹೊಗೆ ಕಾಣ್ತದಾ?'

'ಕಾಣದೆ? ನನಗೇನು ಕಣ್ಣಿಲ್ವಾ?'

'ಇನ್ನೊಂದ್ಸಲ ಹೇಳಿ ಅಮ್ಮ.'

ಆಕೆ ನನ್ನ ಕಡೆ ತಿರುಗಿ, ಇವರು ಸರಿಯಾಗಿದ್ದಾರೆಯೇ ಎಂಬಂತೆ ನೋಡಿದರು. ಸ್ಟುಡಿಯೋದವರು ಸ್ಟೂಲಿನ ಮೇಲಿದ್ದ ಕತ್ತರಿ, ಅಂಟು, ಮೊಳೆಗಳನ್ನೆಲ್ಲ ಒಂದೇ ತೋಳಿನಿಂದ ಪಕ್ಕಕ್ಕೆ ದೂಡಿ ಅದರ ಮೇಲೆ ಕೂತರು. ಮೊಳೆಗಳು ನೆಲದ ತುಂಬ ಚೆಲ್ಲಿದವು. ಅಂಗಡಿಯಲ್ಲಿ ಅವರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೈ ಹಚ್ಚದ ಮೂಲ ಸ್ಕ್ಯಾನನ್ನು ಹುಡುಕಿ ಹಳೇ ಪ್ರೋಗ್ರಾಮಿನಲ್ಲಿ ತೆರೆದರು. ಹುಬ್ಬಿನ ಮೇಲೆ ಮಸುಕಾದ ಕಲೆ. ಅದೇ ಸ್ಕ್ಯಾನನ್ನು, ಫೋಟೋ ನೋಡಲೆಂದು ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದ ಇನ್ನೊಂದು ಪ್ರೋಗ್ರಾಮಿನಲ್ಲಿ ತೆರೆದು ಪಕ್ಕದಲ್ಲಿಟ್ಟರು. ಇಲ್ಲಿ ಕಲೆ ಇರಲಿಲ್ಲ. ಗೀರಿತ್ತು, ಕೂದಲೆಳೆಯಷ್ಟು ಸ್ಪಷ್ಟ, ಕೊನೆಯಲ್ಲಿ ಹೊಲಿಗೆ ಹಾಕಿದ ಎರಡು ಗುರುತಿನ ಸಮೇತ.

'ಅದೇ ಫೋಟೋ. ಅದೇ ಪರದೆ' ಅಂದರು. ಕನ್ನಡಕ ತೆಗೆದಿಟ್ಟು, 'ಅದೇ ಕಣ್ಣು.'

ಅಳಿಯನಿಗೆ ಫೋನ್ ಹೋಯಿತು. ಆ ಕಡೆಯಿಂದ ಬಂದ ವಿವರಣೆಯನ್ನು ಅವರು ನಮ್ಮಿಬ್ಬರಿಗೂ ಜೋರಾಗಿ ತಿರುಗಿ ಹೇಳುತ್ತಿದ್ದರು. ಹಳೇ ಪ್ರೋಗ್ರಾಮಿಗೆ ಹೊಸ ಪರದೆಯ ವಿಷಯವೇ ಗೊತ್ತಿಲ್ಲ. ಅದು ತನ್ನ ಕಾಲದ ಲೆಕ್ಕದಲ್ಲೇ, ಕಡಿಮೆ ಚುಕ್ಕಿಯಲ್ಲೇ ಚಿತ್ರ ಬರೆಯುತ್ತದೆ. ಇನ್ನೂರು ಪರ್ಸೆಂಟ್ ಎಂದು ನಾವು ಹೇಳಿರುವುದರಿಂದ ಲ್ಯಾಪ್‌ಟಾಪ್ ಆ ಚಿತ್ರವನ್ನು ಹಿಡಿದು ಉದ್ದಕ್ಕೂ ಅಗಲಕ್ಕೂ ಎರಡರಷ್ಟು ಜಗ್ಗುತ್ತದೆ. ಒಂದು ಚುಕ್ಕಿಯ ಬಣ್ಣವನ್ನು ನಾಲ್ಕು ಚುಕ್ಕಿಗೆ ಸವರುತ್ತದೆ. 'ಒಂದು ಅಕ್ಕಿರೊಟ್ಟಿ ಹಿಟ್ಟನ್ನು ನಾಲ್ಕು ರೊಟ್ಟಿ ಅಗಲಕ್ಕೆ ತಟ್ಟಿದ ಹಾಗೆ' ಎಂದು ಭಾಷ್ಯ ಬರೆದದ್ದು ಇವರೇ. ದೂರದಿಂದ ನೋಡಿದರೆ ರೊಟ್ಟಿ ದೊಡ್ಡದಾಗಿಯೇ ಕಾಣುತ್ತದೆ. ಹತ್ತಿರ ಹೋದರೆ ಆಚೆ ಬದಿ ಕಾಣುತ್ತದೆ.

ಅಳಿಯ ಹೇಳಿದಂತೆ ಪ್ರೋಗ್ರಾಮಿನ ಗುರುತಿನ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ, ಒಳಗೆ ಹೋಗಿ, ಇದನ್ನು ಜಗ್ಗಬೇಡ ಎಂದು ಒಂದು ಕಡೆ ಗುರುತು ಹಾಕಿದರು. ಮತ್ತೆ ತೆರೆದಾಗ ಅದರ ಗುಂಡಿಗಳೆಲ್ಲ ಪುನಃ ಇರುವೆಗಳಾಗಿದ್ದವು. ಆದರೆ ಅದರೊಳಗೆ ಫೋಟೋವನ್ನು ಬೇಕಾದಷ್ಟು ದೊಡ್ಡದು ಮಾಡಿದರೂ ಮಂಜಿರಲಿಲ್ಲ. 'ಗುಂಡಿ ಇರುವೆ ಆಗ್ಲಿ. ಮುಖ ಮುಖ ಆದ್ರೆ ಸಾಕು' ಅಂದರು.

ಮೊದಲಿನಿಂದ ತಿದ್ದಿದರು. ಆಕೆ ಎರಡು ಗಂಟೆ ಬೆಂಚಿನ ಮೇಲೆ ಕೂತು ಕಾದರು. ಮುಗಿದ ಮೇಲೆ ಇವರು ಹೇಗಿದೆ ಎಂದು ಕೇಳಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದು ನಿಂತರು. ಆಕೆ ಬಗ್ಗಿ ನೋಡಿ, 'ಹಾಂ. ಇದು ಅವರು' ಅಂದರು. ಚೆನ್ನಾಗಿದೆ ಎಂದೇನೂ ಅನ್ನಲಿಲ್ಲ. ಇವರು ಆಕೆಗೆ ಕೈಮುಗಿದು, ಚಪ್ಪಲಿ ಮೆಟ್ಟುತ್ತಲೇ ಬಿಲ್ಡಿಂಗಿನವರ ಮನೆಗೆ, ಬಾಗಿಲು ಹಾಕುತ್ತೇನೆಂದು ಕೊಟ್ಟ ಮಾತನ್ನು ವಾಪಸು ಪಡೆಯಲು ಓಡಿದರು. ನನ್ನ ಕಡೆ ನೋಡಲಿಲ್ಲ. ನೆಲದ ಮೇಲೆ ಚೆಲ್ಲಿದ್ದ ಮೊಳೆಗಳನ್ನು ನಾನು ಹೆಕ್ಕಿದೆ.

ನ್ಯಾಯಾಲಯ ಸೇರಿದ್ದು ಮರುದಿನ. ಬೇಕರಿಯ ಕಾಕನನ್ನು, ನನ್ನನ್ನು ಕರೆಸಿ ಪರದೆಯ ಮುಂದೆ ನಿಲ್ಲಿಸಿದರು. ಹಾಕಿದ ಗುರುತನ್ನು ಬೇಕೆಂದೇ ತೆಗೆದು, ಹಳೇ ಮಂಜನ್ನು ವಾಪಸು ತಂದಿದ್ದರು.

'ಹೇಗಿದೆ?'

ಕಾಕ ಅಭ್ಯಾಸಬಲದಿಂದ, 'ಒಳ್ಳೇ ಕ್ಲಿಯರ್...' ಎಂದು ಶುರುಮಾಡಿ ನಿಂತ.

'ನಿಜ ಹೇಳಿ.'

'ಸ್ವಲ್ಪ ಮಂಜು ಉಂಟು ಸಾರ್.'

'ಅವತ್ತು?'

'ಅವತ್ತೂ ಉಂಟು.'

'ಮತ್ತೆ ಹೇಳ್ಲಿಲ್ಲ?'

'ಬೇಜಾರಾಗ್ತದಲ್ಲ ನಿಮಗೆ. ನೀವು ನನ್ನ ಕೇಕಿಗೆ ಯಾವತ್ತಾದ್ರೂ ಏನಾದ್ರೂ ಹೇಳಿದ್ದುಂಟಾ?'

ಈ ವಾದದಲ್ಲಿ ಹುರುಳಿತ್ತು. ಆ ಕೇಕನ್ನು ನಾನೂ ತಿಂದವನು. ಕಾಕನನ್ನು ಬಿಟ್ಟುಬಿಟ್ಟರು.

'ರೈಟರ್ರೇ, ನೀವು?'

'ನನಗೆ ಪೊರೆ ಬಂದಿದೆಯಲ್ಲ. ನನ್ನದೇ ಮಂಜು ಅಂದ್ಕೊಂಡೆ.'

'ಅದು ಸರಿ. ನಾನು ಬಾಗಿಲು ಹಾಕ್ತೇನೆ ಅಂದಾಗ? ಪರದೆ ಮೇಲೆ ಮಂಜು ಅಂತ ನಾನೇ ಬಾಯಿಬಿಟ್ಟು ಹೇಳಿದಾಗ?'

ಗೋಡೆಯ ಮೇಲಿದ್ದ ಹಳೇ ಮದುಮಕ್ಕಳ ಫೋಟೋಗಳನ್ನು ನೋಡುತ್ತಾ ನಿಂತೆ. ಅವರೆಲ್ಲ ಉಸಿರು ಬಿಟ್ಟು ನಿರಾಳವಾಗಿದ್ದರು.

'ಒಂದೂವರೆ ತಿಂಗಳು ನಾನು ಕುರುಡನಾಗಿದ್ದೆ' ಅಂದರು. ದನಿ ಏರಿಸಲಿಲ್ಲ. 'ಕಣ್ಣಿಂದ ಅಲ್ಲ. ನಿಮ್ಮ ಮರ್ಯಾದೆಯಿಂದ.'

ಹೇಳಿ ರಸ್ತೆ ದಾಟಿ ಹೋಗಿ ಬಸ್ ನಿಲ್ಲುವಲ್ಲಿ ನಿಂತರು. ಅಂಗಡಿಯ ಕಡೆ ತಿರುಗಲಿಲ್ಲ. ಮೂರು ಬಸ್ಸು ಬಂದು ಹೋದವು. ನಾಲ್ಕನೆಯದಕ್ಕೆ ನಾನು ಹತ್ತಿದೆ, ಅವರ ಪಕ್ಕದಿಂದಲೇ.

ಹತ್ತು ದಿನ ಆ ಕಡೆ ತಲೆಹಾಕಲಿಲ್ಲ. ಪತ್ರಿಕೆಗೆ ಬೇರೆ ಯಾರನ್ನಾದರೂ ಹುಡುಕಬೇಕೆಂದು ಕುಶಾಲನಗರದಲ್ಲಿ ವಿಚಾರಿಸಿಯೂ ಬಂದೆ. ಹನ್ನೊಂದನೆಯ ದಿನ ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಜಗಲಿ ಹತ್ತಿ, ಕುರ್ಚಿ ತೋರಿಸಿದರೆ 'ಕೂರೋದಿಲ್ಲ' ಅಂದು, ಕಂಕುಳಿನಿಂದ ಪ್ರೂಫ್ ತೆಗೆದು ಕೊಟ್ಟರು. ನನ್ನ ಲೇಖನ. ಹೂಮಳೆಯ ಮೇಲೆ ಬರೆದದ್ದು. ಮೊದಲ ಎರಡು ಪ್ಯಾರಾಗಳ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿತ್ತು.

'ಇದು ಏನು?'

'ಮಂಜು' ಅಂದರು. 'ಮೂರನೇ ಪ್ಯಾರದಲ್ಲಿ ಮಳೆ ಬರ್ತದೆ. ಅಲ್ಲಿಯವರೆಗೆ ನೀವು ಬರೀ ಮೋಡ ಜಗ್ಗಿದ್ದೀರಿ. ಒಂದು ಮಾತನ್ನ ನಾಲ್ಕು ಮಾತಿಗೆ ಸವರಿದ್ದೀರಿ.'

ಪ್ರೂಫನ್ನು ಕುರ್ಚಿಯ ಮೇಲೆ ಇಟ್ಟೆ. 'ಎಷ್ಟು ದಿನದಿಂದ ಹೀಗೆ ಬರೀತಿದ್ದೇನೆ?'

'ಶುರುವಿನಿಂದ.'

'ಹನ್ನೆರಡು ವರ್ಷ ಟೈಪ್ ಮಾ‌ಡಿದ್ದೀರಿ. ಪ್ರತಿ ತಿಂಗಳೂ ಚೆನ್ನಾಗಿದೆ ಅಂದಿದ್ದೀರಿ.'

'ಬೇಜಾರಾಗ್ತದೆ ಅಂತ' ಅಂದರು. ಜಗಲಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ಬಂದರು. 'ನಾನೂ ನಿಮ್ಮ ಜಾತಿಯವನೇ ರೈಟರ್ರೇ. ಕಂಡದ್ದನ್ನ ಕಂಡ ಹಾಗೆ ಹೇಳೋ ಆ ಲೈನಿನ ಹೆಂಗಸಿನ ಜಾತಿ ಅಲ್ಲ. ಹತ್ತು ದಿನ ಅದನ್ನೇ ಯೋಚನೆ ಮಾಡ್ದೆ.'

ಎರಡು ಪ್ಯಾರಾಗಳನ್ನೂ ತೆಗೆದೆ. ತೆಗೆಯುವಾಗ ಬಹಳ ಸಂಕಟವಾಯಿತು. ತೆಗೆದ ಮೇಲೆ ಓದಿದರೆ ಮಳೆ ಬರುತ್ತಿತ್ತು.

ಆಮೇಲೆ ಐದು ವರ್ಷ ಅವರು ನನ್ನನ್ನು ನೆಮ್ಮದಿಯಾಗಿ ಇರಲು ಬಿಡಲಿಲ್ಲ. ಪ್ರತಿ ತಿಂಗಳೂ ಪೆನ್ಸಿಲು ಹಿಡಿದು ಬರುತ್ತಿದ್ದರು, ಪ್ರತಿ ತಿಂಗಳೂ ಜಗಳವಾಡುತ್ತಿದ್ದೆವು. ಅವರು ಮಾಡಿದ ಕಾಗದ, ಕಾರ್ಡುಗಳಲ್ಲಿ ನಾನು ತಪ್ಪು ಹುಡುಕಿ ಸೇಡು ತೀರಿಸಿಕೊಳ್ಳುತ್ತಿದ್ದೆ. ಅವರು ಅದನ್ನು ಕಿತ್ತುಕೊಂಡು ಹೋಗಿ ತಿದ್ದುತ್ತಿದ್ದರು. ಎಷ್ಟೋ ಸಲ ಇವರು ಯಾಕಾದರೂ ಬರುತ್ತಾರೋ ಅನ್ನಿಸಿದ್ದುಂಟು.

ಕಳೆದ ಮಳೆಗಾಲದ ಕೊನೆಗೆ ಎರಡೇ ದಿನದ ಜ್ವರದಲ್ಲಿ ತೀರಿಕೊಂಡರು. ಅವರು ಹೋದ ಮೇಲೆ ಪತ್ರಿಕೆಯ ಎರಡು ಸಂಚಿಕೆ ಬಂದಿವೆ. ಎರಡೂ ಬಹಳ ಚೆನ್ನಾಗಿವೆ ಎಂದು ಓದಿದವರೆಲ್ಲ ಹೇಳಿದ್ದಾರೆ.